ಕಾಲುದಾರಿಯೋ, ಆನೆಯ ಜಾಡೋ?

ಹಾಸನದಿಂದ ಬೇಲೂರಿನ ಕಡೆಗೆ ಹೊರಟವರು ನಡುವೆ ದೊಡ್ಡಗದ್ದವಳ್ಳಿಗೆ ತಿರುಗಿದರೆ, ಕೆರೆಯ ಮಗ್ಗುಲಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀದೇವಿ ಗುಡಿ ಕಾಣುತ್ತದೆ. ಅಲ್ಲಿ ದಾರಿ ತಪ್ಪುವ ಭಯವಿಲ್ಲ. ತಪ್ಪಿದರೂ ಕೇಳಲು ಹೊಲದಲ್ಲಿ ಯಾರಾದರೂ ಸಿಗುತ್ತಾರೆ. ಅದೇ ಜಿಲ್ಲೆಯ ಪಡುವಣ ಅಂಚಿಗೆ, ಸಕಲೇಶಪುರ ತಾಲ್ಲೂಕಿನ ಬಿಸಿಲೆಯ ಕಾಡಿನತ್ತ ಹೋದರೆ ಮಾತೇ ಬೇರೆ. ಕೇಳೋಣವೆಂದರೆ ಜನರಿಲ್ಲ. ಚಾರಣಿಗನ ಕೈಯಲ್ಲಿರುವುದು ಒಂದು ಮೊಬೈಲು, ಅದರೊಳಗೊಂದು ನಕ್ಷೆ, ನಕ್ಷೆಯ ಮೇಲೊಂದು ಚುಕ್ಕಿಗೆರೆ. ಆ ಗೆರೆಯನ್ನು ಎಳೆದವರಾರು?

ಬಹಳ ಸಲ ಇನ್ನೊಬ್ಬ ಚಾರಣಿಗನೇ. 2004ರಲ್ಲಿ ಬ್ರಿಟನ್ನಿನ ಸ್ಟೀವ್ ಕೋಸ್ಟ್ ಆರಂಭಿಸಿದ 'ಓಪನ್‌ಸ್ಟ್ರೀಟ್‌ಮ್ಯಾಪ್' ಎಂಬ ನಕ್ಷೆಗೆ ಯಾರು ಬೇಕಾದರೂ ದಾರಿ ಸೇರಿಸಬಹುದು, ತಪ್ಪು ಕಂಡರೆ ತಿದ್ದಬಹುದು. ಚಾರಣಕ್ಕೆಂದೇ ಇರುವ ಅನೇಕ ಆ್ಯಪ್‌ಗಳು ಇದೇ ನಕ್ಷೆಯನ್ನು ಬಳಸುತ್ತವೆ. ಊರಿನ ರಸ್ತೆಯನ್ನಾದರೆ ಉಪಗ್ರಹ ಚಿತ್ರ ನೋಡಿಕೊಂಡು ಕುಳಿತಲ್ಲೇ ಗುರುತಿಸಬಹುದು. ಘಟ್ಟದ ಕಾಡಿನಲ್ಲಿ ಆ ಉಪಾಯ ನಡೆಯದು. ಮರಗಳ ಚಪ್ಪರದ ಕೆಳಗಿನ ದಾರಿ ಮೇಲಿನಿಂದ ಕಾಣುವುದೇ ಇಲ್ಲ. ನಡೆದೇ ತಿಳಿಯಬೇಕು.

ನಡೆದು ತಿಳಿದದ್ದೂ ಪೂರ್ತಿ ನಿಜವಲ್ಲ. ಬಯಲಿನಲ್ಲಿ ಮೊಬೈಲಿನ ಜಿಪಿಎಸ್ ಸುಮಾರು 5 ಮೀಟರಿನ ಒಳಗೆ ಜಾಗ ಹೇಳುತ್ತದೆ. ದಟ್ಟ ಕಾಡು, ಕಡಿದಾದ ಕಣಿವೆಗಳಲ್ಲಿ ಉಪಗ್ರಹದ ಸಂಕೇತ ಎಲೆಗಳಲ್ಲಿ ಕ್ಷೀಣಿಸಿ, ಬಂಡೆಗೆ ಬಡಿದು ಸುತ್ತಿ ಬರುವುದರಿಂದ ಈ ತಪ್ಪು ಹಲವು ಪಟ್ಟು ಬೆಳೆಯುತ್ತದೆ. ಹಳ್ಳದ ಈ ದಡದ ದಾರಿ ನಕ್ಷೆಯಲ್ಲಿ ಆ ದಡಕ್ಕೆ ಹಾರಿರುತ್ತದೆ. ಬುತ್ತಿ ಬಿಚ್ಚಲು ಅರ್ಧ ಗಂಟೆ ಕುಳಿತರಂತೂ ಆ ಜಾಗದಲ್ಲಿ ಗೆರೆ ಸಿಕ್ಕುಬಿದ್ದ ನೂಲಿನ ಉಂಡೆಯಾಗುತ್ತದೆ! ಆದ್ದರಿಂದ ಒಬ್ಬನ ಒಂದು ದಿನದ ನಡಿಗೆಯನ್ನು ನಂಬದೆ, ಹಲವರು ಹಲವು ದಿನ ನಡೆದ ಗೆರೆಗಳನ್ನು ಒಂದರ ಮೇಲೊಂದಿಟ್ಟು ನಡುವಿನದನ್ನು ಹಿಡಿಯುವುದು ರೂಢಿ.

ಇದು ಯಂತ್ರದ ತಪ್ಪಾಯಿತು. ಮನುಷ್ಯನ ತಪ್ಪು ಇದಕ್ಕಿಂತ ಅಪಾಯಕಾರಿ. ಹುಲ್ಲುಗಾವಲಿನ ದನದ ಜಾಡು, ಕಾಳ್ಗಿಚ್ಚು ಹರಡದಂತೆ ಅರಣ್ಯ ಇಲಾಖೆ ಸವರಿದ ಬೆಂಕಿರೇಖೆ, ಬೇಸಿಗೆಯಲ್ಲಿ ಒಣಗಿದ ತೊರೆ, ಇವೆಲ್ಲವೂ ಹೊಸಬರ ಕಣ್ಣಿಗೆ ದಾರಿಯೇ. ಸಕಲೇಶಪುರ, ಆಲೂರುಗಳ ಸೀಮೆಯಲ್ಲಿ ಆನೆಗಳ ಓಡಾಟವಿದೆ. ಆನೆ ನಡೆದ ಜಾಡು ಅಗಲವಾಗಿ, ತುಳಿದು ಗಟ್ಟಿಯಾಗಿ, ಮನುಷ್ಯನ ದಾರಿಗಿಂತ ಚೆನ್ನಾಗಿಯೇ ಇರುತ್ತದೆ. ಲದ್ದಿಯನ್ನೋ, ಮೈ ಉಜ್ಜಿದ ಮರದ ಮೇಲಿನ ಕೆಸರನ್ನೋ ಗಮನಿಸದವನು ಅದನ್ನು ಚಾರಣದ ದಾರಿ ಎಂದು ಗುರುತಿಸಿಬಿಟ್ಟರೆ, ಮುಂದಿನವರು ಅದೇ ಗೆರೆ ಹಿಡಿದು ಹಿಂಡಿನ ಎದುರಿಗೆ ಹೋಗಿ ನಿಲ್ಲಬಹುದು. ಇಂಥಲ್ಲಿ ಸುತ್ತಲ ಊರಿನವರನ್ನು ಒಂದು ಮಾತು ಕೇಳುವುದು ಯಾವ ಉಪಕರಣಕ್ಕೂ ಕಡಿಮೆಯದಲ್ಲ.

ಇನ್ನೊಂದು ತೊಡಕಿದೆ. ದಾರಿ ಇರುವುದು ಬೇರೆ, ಅದರಲ್ಲಿ ನಡೆಯಲು ಅನುಮತಿ ಇರುವುದು ಬೇರೆ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ 1,712 ಮೀಟರು ಎತ್ತರದ ಕುಮಾರಪರ್ವತಕ್ಕೆ ಜನ ಮುಗಿಬಿದ್ದ ಮೇಲೆ, ಆನ್‌ಲೈನಿನಲ್ಲಿ ಮುಂಗಡ ಕಾಯ್ದಿರಿಸುವ ವ್ಯವಸ್ಥೆಯಿಲ್ಲದ ಚಾರಣಗಳನ್ನು ರಾಜ್ಯ ಸರ್ಕಾರ ತಡೆಹಿಡಿಯಿತು. ಹೀಗೆ ನಿಷೇಧವಾದ ದಾರಿಯನ್ನು ನಕ್ಷೆಯಿಂದ ಅಳಿಸಿಬಿಡಬೇಕೆಂದು ತೋರುವುದು ಸಹಜ. ಆದರೆ ಅಳಿಸಿದರೆ, ಹಳೆಯ ನಡಿಗೆಯ ದಾಖಲೆ ಇಟ್ಟುಕೊಂಡ ಮತ್ತೊಬ್ಬ ಅದನ್ನು 'ಬಿಟ್ಟುಹೋದ ದಾರಿ' ಎಂದು ತಿಳಿದು ಪುನಃ ಸೇರಿಸುತ್ತಾನೆ. ಗೆರೆಯನ್ನು ಉಳಿಸಿ, 'ಪ್ರವೇಶವಿಲ್ಲ' ಅಥವಾ 'ಅನುಮತಿ ಬೇಕು' ಎಂಬ ಗುರುತು ಹಚ್ಚುವುದೇ ಸರಿಯಾದ ಕ್ರಮ. ದುರದೃಷ್ಟವೆಂದರೆ, ಕೆಲವು ಆ್ಯಪ್‌ಗಳು ಗೆರೆಯನ್ನು ಮಾತ್ರ ತೋರಿಸಿ ಈ ಗುರುತನ್ನು ತೋರಿಸುವುದಿಲ್ಲ. ಬಿಸಿಲೆಯ ಅಂಚಿನಲ್ಲಿ ನಿಂತವನ ಮೊಬೈಲಿನಲ್ಲಿ ತೆರೆದ ದಾರಿಯೂ ಮುಚ್ಚಿದ ದಾರಿಯೂ ಆಗ ಒಂದೇ ಬಗೆಯ ಚುಕ್ಕಿಗೆರೆ.