ಕಾರವಾರದಲ್ಲಿ ಜಡಿಮಳೆ, ಹಳಿಯಾಳದಲ್ಲಿ ಬಿಸಿಲು

ದಾಂಡೇಲಿ ಪಕ್ಕದ ಕೋಗಿಲಬನದ ಓದುಗರೊಬ್ಬರು ಕೇಳಿದ್ದಾರೆ: ‘ಜುಲೈನಲ್ಲಿ ಕಾರವಾರದಲ್ಲಿ ಬಸ್ ಹತ್ತುವಾಗ ಜಡಿಮಳೆ. ಅಣಶಿ ಘಟ್ಟದಲ್ಲಿ ಎದುರಿಗೆ ಬರುವ ಲಾರಿಯೂ ಕಾಣದಷ್ಟು ಮಂಜು. ಹಳಿಯಾಳದಲ್ಲಿ ಇಳಿದರೆ ಬಿಸಿಲು. ನೂರು ಚಿಲ್ಲರೆ ಕಿಲೋಮೀಟರಿನಲ್ಲಿ ಇಷ್ಟೊಂದು ವ್ಯತ್ಯಾಸ ಯಾಕೆ?’

ಸೈಕಲ್ ಟಯರಿನ ವಾಲ್ವ್ ಒತ್ತಿ ನೋಡಿ. ಬುಸ್ಸೆಂದು ಹೊರಬರುವ ಗಾಳಿ ಬೆರಳಿಗೆ ತಣ್ಣಗೆ ತಗಲುತ್ತದೆ. ಒತ್ತಡದಿಂದ ಬಿಡುಗಡೆಯಾದ ಗಾಳಿ ಹಿಗ್ಗುತ್ತದೆ. ಹಿಗ್ಗಲು ಬೇಕಾದ ಶಕ್ತಿಯನ್ನು ತನ್ನ ಶಾಖದಿಂದಲೇ ತೆರುತ್ತದೆ. ಅರಬ್ಬಿ ಸಮುದ್ರದಿಂದ ಬೀಸುವ ಮುಂಗಾರು ಗಾಳಿಗೂ ಕದ್ರಾ ದಾಟಿ ಘಟ್ಟ ಏರುವಾಗ ಆಗುವುದು ಇದೇ. ಮೇಲೆ ಹೋದಂತೆ ಒತ್ತಡ ಕಡಿಮೆ. ಒಣಗಾಳಿಯಾದರೆ ಕಿಲೋಮೀಟರಿಗೆ ಸುಮಾರು 10 ಡಿಗ್ರಿ ಸೆಲ್ಸಿಯಸ್ ತಂಪಾಗುತ್ತದೆ. ಮುಂಗಾರು ಗಾಳಿಯಲ್ಲಿ ಮೊದಲೇ ನೀರಾವಿ ತುಂಬಿರುವುದರಿಂದ ಸ್ವಲ್ಪ ಏರಿದರೂ ಸಾಕು, ಮೋಡ ಕಟ್ಟುತ್ತದೆ. ಅಣಶಿಯಲ್ಲಿ ಬಸ್ಸಿನ ಕಿಟಕಿಗೆ ಮುತ್ತುವ ಮಂಜು ಆ ಮೋಡವೇ.

ಒಂದು ಗ್ರಾಂ ಆವಿ ಹನಿಯಾಗುವಾಗ ಸುಮಾರು 2,500 ಜೂಲ್ ಶಾಖ ಹೊರಬೀಳುತ್ತದೆ. ಮೋಡಕ್ಕೆ ಮೇಲೇರುವ ಬಲ ಕೊಡುವುದು ಈ ಶಾಖವೇ ಎಂದು ಗುರುತಿಸಿದವರು ಅಮೆರಿಕದ ಜೇಮ್ಸ್ ಎಸ್ಪಿ. 1841ರಲ್ಲಿ ಬಿರುಗಾಳಿಗಳ ಬಗ್ಗೆ ದೊಡ್ಡ ಪುಸ್ತಕವನ್ನೇ ಪ್ರಕಟಿಸಿದರು. ಬೆಟ್ಟ ಇಳಿದ ಗಾಳಿ ಬಿಸಿಯಾಗುವುದು ಯಾಕೆಂದು ಆಲ್ಪ್ಸ್ ಪರ್ವತದ ಗಾಳಿಯನ್ನಿಟ್ಟುಕೊಂಡು 1866ರಲ್ಲಿ ವಿವರಿಸಿದವರು ಆಸ್ಟ್ರಿಯಾದ ಜೂಲಿಯಸ್ ಹಾನ್. ನಮ್ಮ ಗಾಳಿಯೂ ಘಟ್ಟದಲ್ಲೇ ನೀರಿಳಿಸಿ ಪೂರ್ವಕ್ಕೆ ಜಾರುವಾಗ ಕುಗ್ಗಿ ಬೆಚ್ಚಗಾಗುತ್ತದೆ, ಮೋಡ ಕರಗುತ್ತದೆ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆಯಾದರೆ ಹಳಿಯಾಳಕ್ಕೆ ಸಿಗುವುದು ಅದರ ಅರ್ಧಕ್ಕಿಂತ ಕಡಿಮೆ.

ಇದನ್ನು ಮರಗಳಲ್ಲೇ ಓದಬಹುದು. ಅಣಶಿಯ ಆಸುಪಾಸಿನಲ್ಲಿ ನಿತ್ಯಹರಿದ್ವರ್ಣದ ಕಾಡು. ಜೋಯಿಡಾ ಕಳೆದು ದಾಂಡೇಲಿ ಸಮೀಪಿಸಿದಂತೆ ಬೇಸಿಗೆಯಲ್ಲಿ ಎಲೆ ಉದುರಿಸುವ ಸಾಗವಾನಿ, ಮತ್ತಿ. ಹಳಿಯಾಳದ ಬಯಲಿನಲ್ಲಿ ಭತ್ತ, ಕಬ್ಬು, ಗೋವಿನಜೋಳ. ಘಟ್ಟದಲ್ಲಿ ಬಿದ್ದ ನೀರು ಕಾಳಿ ನದಿಗೆ ಸೇರಿ ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿನ ಹಿಂದೆ ನಿಲ್ಲುತ್ತದೆ.

‘ದಟ್ಟ ಕಾಡಿದೆ, ಅದಕ್ಕೇ ಮಳೆ’ ಎಂದು ಪ್ರವಾಸಿಗರಿಗೆ ಹೇಳುವವರುಂಟು. ಅದು ಅರ್ಧ ಸತ್ಯ. ಗಾಳಿಯನ್ನು ಮೇಲೆತ್ತುವುದು ಘಟ್ಟ. ಬಿದ್ದ ಮಳೆಯನ್ನು ನೆಲಕ್ಕೆ ಇಂಗಿಸಿ, ಒಂದಷ್ಟನ್ನು ಎಲೆಗಳ ಮೂಲಕ ಗಾಳಿಗೆ ಮರಳಿಸಿ, ಮಣ್ಣನ್ನು ಹಿಡಿದಿಡುವುದು ಕಾಡು. ಕಾಡು ಕಡಿದರೆ ಮಳೆ ನಿಲ್ಲದಿರಬಹುದು, ಮಣ್ಣಂತೂ ನಿಲ್ಲುವುದಿಲ್ಲ.

ಈ ಮಳೆಗಾಲದಲ್ಲಿ ಮಕ್ಕಳನ್ನು ಈ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿ ಕರೆದೊಯ್ಯಿರಿ. ಅಣಶಿ ಘಟ್ಟದಲ್ಲಿ ಗುಡ್ಡ ಕುಸಿದು ರಸ್ತೆ ಬಂದಾಗುವುದುಂಟು. ಬಸ್ ನಿಲ್ದಾಣದಲ್ಲಿ ವಿಚಾರಿಸಿಯೇ ಹೊರಡಿ.