ಡೆನ್ನಾನ ಕೇಳಿದರೆ ಈಗಲೂ ಬೆನ್ನಲ್ಲಿ ಚಳಿ

ಪುತ್ತೂರು, ಸುಳ್ಯ, ಕಡಬದ ಕಡೆ ನಲವತ್ತು ದಾಟಿದವರ ಎದುರು ‘ಡೆನ್ನಾನ ಡೆನ್ನಾನ’ ಎಂದು ಗುನುಗಿ ನೋಡಿ. ‘ಗುಡ್ಡದ ಭೂತ ಅಲ್ವಾ ಮಾರಾಯ್ರೆ?’ ಎಂಬ ಉತ್ತರ ಗ್ಯಾರಂಟಿ. ಆಗೆಲ್ಲ ಆ ರಾಗ ಶುರುವಾದರೆ ಮಕ್ಕಳು ಅಜ್ಜಿಯ ಸೆರಗಿನೊಳಗೆ. ಅಂಗಳ ದಾಟಿ ಬಚ್ಚಲಿಗೆ ಹೋಗಲೂ ಜೊತೆಗೊಬ್ಬರು ಬೇಕಿತ್ತು.

1990ರ ಆಸುಪಾಸಿನಲ್ಲಿ ದೂರದರ್ಶನದಲ್ಲಿ ಬಂದ ಕನ್ನಡ ಧಾರಾವಾಹಿ ‘ಗುಡ್ಡದ ಭೂತ’. ಡೆನ್ನಾನ ಅದರದ್ದೇ ರಾಗ. ನಿರ್ದೇಶಕರು ಸದಾನಂದ ಸುವರ್ಣ. ಮೂಲ್ಕಿಯ ಕಡೆಯವರು, ಮುಂಬಯಿಯ ಕನ್ನಡ ರಂಗಭೂಮಿಯಲ್ಲಿ ಪಳಗಿದವರು. ಕಾಸರವಳ್ಳಿಯವರ ‘ಘಟಶ್ರಾದ್ಧ’ದ ನಿರ್ಮಾಪಕರೂ ಹೌದು. ತೇಜಸ್ವಿಯವರ ‘ಕುಬಿ ಮತ್ತು ಇಯಾಲ’ವನ್ನು ತೆರೆಗೆ ತಂದವರೂ ಇವರೇ. ಧಾರಾವಾಹಿಯಲ್ಲಿ ನಟಿಸಿದ ಹುಡುಗ ಪ್ರಕಾಶ್ ರೈ. ಬಾಲಚಂದರ್ ಅವರ ‘ಡ್ಯುಯೆಟ್’ ಬಂದು ಆತ ಪ್ರಕಾಶ್ ರಾಜ್ ಆದದ್ದು ಆಮೇಲೆ, 1994ರಲ್ಲಿ. ಗುಡ್ಡ, ಕತ್ತಲೆ, ಸಾವು. ಕೊಂದದ್ದು ಭೂತವೋ ಮನುಷ್ಯನೋ ಎಂಬ ಗುಮಾನಿ. ನೋಡದವರಿಗಾಗಿ ಉತ್ತರ ಇಲ್ಲಿ ಹೇಳುವುದಿಲ್ಲ.

ನನಗೆ ಕತೆಗಿಂತ ಆ ಡೆನ್ನಾನದ ಮೇಲೇ ಮೋಹ. ಅದು ಹೆದರಿಸಲು ಹುಟ್ಟಿದ ರಾಗವಲ್ಲ. ನೇಜಿ, ಅಂದರೆ ಭತ್ತದ ಸಸಿ, ನೆಡುವ ಹೆಂಗಸರು ಸೊಂಟ ಬಗ್ಗಿಸಿ ಕೆಸರಲ್ಲಿ ಹಿಂದೆ ಹಿಂದೆ ಸರಿಯುತ್ತಾ ಹೇಳುವ ಪಾಡ್ದನದ, ಅಂದರೆ ತುಳು ಕಥನಗೀತೆಯ ಸೊಲ್ಲು. ಒಬ್ಬಾಕೆ ಸಾಲು ಎತ್ತಿಕೊಡುತ್ತಾಳೆ, ಉಳಿದವರು ಡೆನ್ನಾನ ಎಂದು ಹಿಡಿಯುತ್ತಾರೆ, ಅಷ್ಟರಲ್ಲಿ ಇನ್ನೊಂದು ಹಿಡಿ ನೇಜಿ ಮಣ್ಣಿಗೆ ಇಳಿದಿರುತ್ತದೆ. ಆ ಪಾಡ್ದನಗಳಲ್ಲಿ ಇರುವುದಾದರೂ ಏನು? ಕೊಲೆ, ಮೋಸ, ಅನ್ಯಾಯವಾಗಿ ಸತ್ತವರು ದೈವವಾಗಿ ನ್ಯಾಯ ಕೇಳಲು ಬರುವುದು. ಪಡುಮಲೆಯ ಕೋಟಿ ಚೆನ್ನಯರು ಎಣ್ಮೂರಿನಲ್ಲಿ ಮಡಿದದ್ದು, ಕಾರ್ಕಳದ ಗೊಮ್ಮಟನನ್ನು ಕೆತ್ತಿದ ಕಲ್ಕುಡನ ಕೈಕಾಲನ್ನು ಅರಸ ಕಡಿಸಿದ್ದು. ಕೊಲೆಯ ಕತೆಗೆ ದೈವ ಸೇರಿಸಲು ಸುವರ್ಣರು ಹೊರಗೆಲ್ಲೂ ಹುಡುಕಬೇಕಾಗಿರಲಿಲ್ಲ.

ಇಲ್ಲಿ ಭೂತವೆಂದರೆ ದೈವವೇ; ತಂಬಿಲದ ಪೂಜೆ ಕೊಡಬೇಕಾದ, ಜಾಗದ ತಕರಾರು ಹೇಳಿಕೊಳ್ಳಬಹುದಾದ ಮನೆಯ ಹಿರಿಯ. ಅವನ ಹೆಸರಲ್ಲೇ ಕೊಲೆಯ ಗುಮಾನಿ ಬಂದದ್ದರಿಂದ ಪೇಟೆಯವರಿಗಿಂತ ನಮಗೆ ಧಾರಾವಾಹಿ ಜಾಸ್ತಿ ತಾಗಿತು. ಗ್ರಾಫಿಕ್ಸ್ ಇಲ್ಲ, ದೊಡ್ಡ ಬಜೆಟ್ಟೂ ಇಲ್ಲ. ಬೇಕಾಗಿಯೂ ಇರಲಿಲ್ಲ ಬಿಡಿ.

2015ರಲ್ಲಿ ಅನೂಪ್ ಭಂಡಾರಿಯವರ ‘ರಂಗಿತರಂಗ’ದಲ್ಲಿ ಡೆನ್ನಾನ ಮತ್ತೆ ಕೇಳಿಸಿ ಹೊಸ ಹುಡುಗರೂ ಅದನ್ನು ಗುನುಗಿದರು. ಆದರೆ ಗದ್ದೆ? ಬೈಲಿಗೆ ಬೈಲೇ ಅಡಿಕೆ ತೋಟವಾಗಿದೆ, ಗುಡ್ಡಕ್ಕೆ ರಬ್ಬರು ಏರಿದೆ. ನೇಜಿಯೇ ಇಲ್ಲದ ಮೇಲೆ ನೇಜಿಯ ಹಾಡು ಯಾರು ಹೇಳಬೇಕು? ಈಗಿನವರ ಕಿವಿಗೆ ಡೆನ್ನಾನವೆಂದರೆ ದೆವ್ವದ ಸಿನಿಮಾದ ಟ್ಯೂನು.

ಸುವರ್ಣರು 2024ರ ಜುಲೈಯಲ್ಲಿ ತೀರಿಕೊಂಡರು. ದೂರದರ್ಶನದವರು ‘ಗುಡ್ಡದ ಭೂತ’ವನ್ನು ಶುಚಿಗೊಳಿಸಿ ಇನ್ನೊಮ್ಮೆ ಪ್ರಸಾರ ಮಾಡಲಿ. ಅಷ್ಟರೊಳಗೆ ನಿಮ್ಮ ಮನೆಯಲ್ಲಿ ಪಾಡ್ದನ ಬಲ್ಲ ಅಜ್ಜಿಯಿದ್ದರೆ, ಮೊಬೈಲಿನಲ್ಲಾದರೂ ರೆಕಾರ್ಡ್ ಮಾಡಿಡಿ.