ಗುಜರಿಯಿಂದ ಬಂದ ಗಾಳಿಯಂತ್ರ

ಒಲೆಗೆ ಸೌದೆಯನ್ನು ಎಷ್ಟೇ ತುಂಬಿದರೂ ಗಾಳಿಯಿಲ್ಲದೆ ಉರಿ ಏಳದು. ಹೊಟೇಲಿನ ಅಡುಗೆಮನೆಯಲ್ಲಿ ದುಡಿಯುವ ನಮ್ಮ ಬಂಧುಗಳಿಗೆ ಇದನ್ನು ಬೇರೆ ಹೇಳಬೇಕಾದುದಿಲ್ಲ. ಮೋಟಾರುಗಾಡಿಯ ಎಂಜಿನ್ನಿನೊಳಗೆ ನಡೆಯುವುದೂ ಇದೇ ವ್ಯಾಪಾರ. ಒಂದು ಪಾಲು ಪೆಟ್ರೋಲು ಪೂರ್ಣವಾಗಿ ಉರಿಯಲು ತೂಕದಲ್ಲಿ ಸುಮಾರು 15 ಪಾಲು ಗಾಳಿ ಬೇಕು. ಎಂಜಿನ್ನಿಗೆ ಹೆಚ್ಚಿನ ಗಾಳಿಯನ್ನು ಒತ್ತಿ ತುಂಬಿ, ಅದಕ್ಕೆ ತಕ್ಕಷ್ಟು ಪೆಟ್ರೋಲನ್ನೂ ಕೊಟ್ಟರೆ ಬಲ ಹೆಚ್ಚುತ್ತದೆ. ಹಾಗೆ ಗಾಳಿ ತುಂಬುವ ಸಾಧನವೇ ಸೂಪರ್‌ಚಾರ್ಜರ್.

ಇದರ ಒಂದು ಬಗೆಗೆ ಮೂಲಪುರುಷರು ಅಮೆರಿಕದ ಇಂಡಿಯಾನಾ ಪ್ರಾಂತದ ರೂಟ್ಸ್ ಸಹೋದರರು. ಉಣ್ಣೆಯ ಗಿರಣಿಗಾಗಿ ನೀರಿನ ಚಕ್ರವನ್ನು ಸುಧಾರಿಸಹೊರಟ ಅವರಿಗೆ ದೊರೆತುದು ಗಾಳಿಯೂದುವ ಯಂತ್ರ! 1860ರಲ್ಲಿ ಅವರು ಅದಕ್ಕೆ ಪೇಟೆಂಟು ಪಡೆದರು. ಒಂದು ಪೆಟ್ಟಿಗೆಯೊಳಗೆ ಉಬ್ಬುಗಳುಳ್ಳ ಎರಡು ಉರುಳೆಗಳು ಒಂದನ್ನೊಂದು ಮುಟ್ಟದೆ ಎದುರುಬದುರಾಗಿ ತಿರುಗಿ ಗಾಳಿಯನ್ನು ಮುಂದಕ್ಕೆ ತಳ್ಳುತ್ತವೆ. ಕಬ್ಬಿಣದ ಕುಲುಮೆಗಳಲ್ಲಿ ತಿದಿಯ ಕೆಲಸವನ್ನು ಮಾಡಿದ ಈ ಯಂತ್ರವೇ ಮುಂದೆ ಮೋಟಾರಿನ ಮೇಲೇರಿತು.

1938ರಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯು ‘71’ ಎಂಬ ಡೀಸೆಲ್ ಎಂಜಿನ್ನುಗಳನ್ನು ಹೊರತಂದಿತು. ಒಂದೊಂದು ಸಿಲಿಂಡರಿನ ಅಳತೆ 71 ಘನ ಅಂಗುಲವಾದುದರಿಂದ ಈ ಹೆಸರು. ಈ ಎರಡು ಹೊಡೆತದ ಎಂಜಿನ್ನುಗಳು ತಾವಾಗಿ ಗಾಳಿಯನ್ನು ಸೆಳೆದುಕೊಳ್ಳಲಾರವು. ಆದುದರಿಂದ ಪ್ರತಿಯೊಂದಕ್ಕೂ ರೂಟ್ಸ್ ಮಾದರಿಯ ಗಾಳಿಯಂತ್ರವನ್ನು ಜೋಡಿಸಲಾಗಿತ್ತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಇವು ಗುಜರಿಗೆ ಬಂದವು. ಕ್ಯಾಲಿಫೋರ್ನಿಯದ ಹವ್ಯಾಸಿ ಮೆಕ್ಯಾನಿಕರ ಕಣ್ಣು ಇವುಗಳ ಮೇಲೆ ಬಿದ್ದಿತು. ಬಾರ್ನಿ ನವಾರೋ ಎಂಬಾತನು ಮೂರು ಸಿಲಿಂಡರಿನ 3-71ರ ಗಾಳಿಯಂತ್ರವನ್ನು ಫೋರ್ಡಿನ ಎಂಟು ಸಿಲಿಂಡರಿನ ಎಂಜಿನ್ನಿಗೆ ಜೋಡಿಸಿದವರಲ್ಲಿ ಮೊದಲಿಗನೆನಿಸಿದನು. ಇಂದಿಗೂ ಅಲ್ಲಿನ ಓಟದ ಗಾಡಿಗಳ ಗಾಳಿಯಂತ್ರಗಳನ್ನು 14-71 ಎಂದೇ ಕರೆಯುತ್ತಾರೆ. ಹದಿನಾಲ್ಕು ಸಿಲಿಂಡರಿನ ಅಂತಹ ಎಂಜಿನ್ನು ಎಂದೂ ಇರಲಿಲ್ಲವೆಂಬುದು ಸ್ವಾರಸ್ಯ.

ಯಂತ್ರ ಸಿಕ್ಕಿದ ಮಾತ್ರಕ್ಕೆ ಕೆಲಸ ಮುಗಿಯದು. ಅದನ್ನು ಕೂರಿಸಲು ಲೋಹದ ಪೀಠ ಬೇಕು, ತಿರುಗಿಸಲು ಪುಲ್ಲಿ ಮತ್ತು ಬೆಲ್ಟು ಬೇಕು. ಗಾಳಿ ಎಲ್ಲಿಯೂ ಸೋರಕೂಡದು. ಸಮುದ್ರಮಟ್ಟದಲ್ಲಿ ಹವೆಯ ಒತ್ತಡ ಚದರ ಅಂಗುಲಕ್ಕೆ 14.7 ಪೌಂಡು. ಅದಕ್ಕೆ 7 ಪೌಂಡು ಕೂಡಿಸಿದರೆ ಲೆಕ್ಕದಲ್ಲಿ ಸುಮಾರು ಒಂದೂವರೆಪಟ್ಟು ಗಾಳಿ ಒಳಹೊಗಬೇಕು. ಆದರೆ ಒತ್ತಿದ ಗಾಳಿ ಕಾಯುತ್ತದೆ, ಕಾದುದು ಹಿಗ್ಗುತ್ತದೆ; ಯಂತ್ರವನ್ನು ತಿರುಗಿಸಲು ಎಂಜಿನ್ನಿನ ಬಲವೇ ಕೊಂಚ ವ್ಯಯವಾಗುತ್ತದೆ. ಆದುದರಿಂದ ಪೂರ್ಣ ಲಾಭ ದಕ್ಕದು. ಇದಕ್ಕಿಂತ ದೊಡ್ಡ ಅಪಾಯವೆಂದರೆ, ಕಾವು ಮಿತಿಮೀರಿದಾಗ ಪೆಟ್ರೋಲು ಹೊತ್ತಿಗೆ ಮುನ್ನವೇ ಸಿಡಿಯುವುದು. ಟಕಟಕ ಸದ್ದನ್ನು ಅಲಕ್ಷಿಸಿದವನ ಪಿಸ್ಟನ್ನು ತೂತಾಗುವುದು ಖಂಡಿತ.

ಅಗ್ಗದ ವಿದ್ಯುತ್ ಪಂಖವನ್ನೇ ಸೂಪರ್‌ಚಾರ್ಜರ್ ಎಂದು ಮಾರುವವರೂ ಉಂಟು. ಒಂದು ಲೀಟರಿನ ಎಂಜಿನ್ನು ನಿಮಿಷಕ್ಕೆ 4000 ಸುತ್ತು ತಿರುಗುವಾಗ ಸುಮಾರು 2000 ಲೀಟರು ಗಾಳಿಯನ್ನು ತಾನಾಗಿಯೇ ಸೆಳೆಯುತ್ತದೆ. ಅದನ್ನು ಮೀರಿಸಿ ಒತ್ತುವ ಶಕ್ತಿ ಅಂಗೈಯಗಲದ ಪಂಖಕ್ಕೆಲ್ಲಿಯದು? ಬೆವರು ಸುರಿಸಿ ಗಳಿಸಿದ ಹಣವನ್ನು ಇಂತಹುದಕ್ಕೆ ತೆರಬೇಡಿರೆಂದು ಟ್ಯಾಕ್ಸಿ, ಲಾರಿ ನಡೆಸುವ ನಮ್ಮವರಿಗೆ ನಮ್ಮ ವಿಜ್ಞಾಪನೆ. ಅಲ್ಲದೆ ನೋಂದಣಿಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಡೆಯುತ್ತದೆ. ಇಂತಹ ಪ್ರಯೋಗಕ್ಕೆ ಊರ ರಸ್ತೆ ತಕ್ಕ ಸ್ಥಳವಲ್ಲ.

ಆದರೂ ಆ ಮೆಕ್ಯಾನಿಕರ ಉದ್ಯಮವನ್ನು ನಾವು ಮೆಚ್ಚಲೇಬೇಕು. ಇತರರು ಕಸವೆಂದು ಎಸೆದುದರಲ್ಲಿ ಅವರು ಶಕ್ತಿಯನ್ನು ಕಂಡರು. ಆ ಶಕ್ತಿಯನ್ನು ತಾಳುವಂತೆ ಮೊದಲು ಎಂಜಿನ್ನನ್ನು ಗಟ್ಟಿಮಾಡಿಕೊಂಡವರೇ ಗೆದ್ದರು.